ಬದಲಿಸಿ ಬಿಸಾಡುವವರ ಪಂಚಾಂಗ

ಹಲ್ಲುಜ್ಜೋ ಬ್ರಷ್ಷಿಗೆ ಮೂರು ತಿಂಗಳು. ಪಾತ್ರೆ ತಿಕ್ಕೋ ಸ್ಪಾಂಜಿಗೆ ಒಂದು ವಾರ. ದಿಂಬಿಗೆ ಎರಡು ವರ್ಷ, ಟವೆಲ್ಲಿಗೆ ಇಷ್ಟು, ಹಾಸಿಗೆಗೆ ಇಷ್ಟು. ಈ ಪಟ್ಟಿ ನಿಮಗೂ ಬಂದಿರುತ್ತೆ, ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲೋ, ಯಾವುದೋ ರೀಲಿನಲ್ಲೋ. ಓದಿದವರು "ಅಯ್ಯೋ, ನನ್ನ ದಿಂಬು ಕಾಲೇಜಿನ ಕಾಲದ್ದು" ಅಂತ ಮುಖ ಕಿವುಚಿ, ಅದೇ ಫೋನಿನಲ್ಲಿ ಆರ್ಡರ್ ಒತ್ತುತ್ತಾರೆ. ಹತ್ತು ನಿಮಿಷಕ್ಕೆ ಹೊಸ ಸ್ಪಾಂಜು ಬಾಗಿಲಲ್ಲಿ.

ನನ್ನ ತಕರಾರು ಶುಚಿಯ ಮೇಲಲ್ಲ, ಆ ಪಟ್ಟಿಯ ಮೇಲೆ. ಅದರಲ್ಲಿ "ತೊಳೆಯಿರಿ" ಅನ್ನೋದಕ್ಕಿಂತ "ಬದಲಿಸಿ" ಅನ್ನೋ ಮಾತೇ ಜಾಸ್ತಿ. ತೊಳೆಯೋಕೆ ಸೊಂಟ ಬಗ್ಗಬೇಕು, ಬದಲಿಸೋಕೆ ಹೆಬ್ಬೆರಳು ಸಾಕು. ನಮ್ಮಂಥ ಸಂಬಳದವರಿಗೆ ಇದಕ್ಕಿಂತ ಹಿತವಾದ ಉಪದೇಶ ಬೇರೆ ಯಾವುದಿದೆ?

ನಮ್ಮೂರು ಶಂಕರನಾರಾಯಣ. ಕುಂದಾಪುರದಿಂದ ಸಿದ್ದಾಪುರದ ಬಸ್ಸು ಹತ್ತಿದರೆ ಹಾಲಾಡಿ ದಾಟಿ ಸಿಗುತ್ತೆ, ಘಟ್ಟದ ಬುಡ. ಉಡುಪಿ ಜಿಲ್ಲೆಯ ಮಳೆ ವರ್ಷಕ್ಕೆ 4000 ಮಿಲಿಮೀಟರ್ ದಾಟುವಂಥದ್ದು, ಬೆಂಗಳೂರಿನದು 1000ದ ಆಸುಪಾಸು. ಜುಲೈಯಲ್ಲಿ ನಮ್ಮನೆ ಕಪಾಟಿನ ಚರ್ಮದ ಬೆಲ್ಟಿಗೆ ಒಂದೇ ವಾರದಲ್ಲಿ ಬೂಷ್ಟು ಹಿಡಿಯುತ್ತೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಅದೇ ಬೆಲ್ಟು ವರ್ಷಗಟ್ಟಲೆ ಹಾಗೇ ಇರುತ್ತೆ. ಈ ಎರಡು ಮನೆಗೂ ಒಂದೇ ಪಟ್ಟಿ ಹೇಗೆ ಸ್ವಾಮಿ?

ಊರಿನಲ್ಲಿ ಲೆಕ್ಕ ಇಡೋದು ತಿಂಗಳಿನಿಂದಲ್ಲ, ಮಳೆಯಿಂದ. ಮಳೆ ಹಿಡಿಯೋ ಮೊದಲು ಹಾಸಿಗೆ, ದಿಂಬು, ಕಂಬಳಿ ಅಂಗಳದ ಬಿಸಿಲಿಗೆ. ಸೋಣೆ ತಿಂಗಳಲ್ಲಿ ದಿನಾ ಹೊಸ್ತಿಲು ತೊಳೆದು ಪೂಜೆ. ದೀಪಾವಳಿಯ ಹಿಂದಿನ ದಿನ ಬಚ್ಚಲ ಹಂಡೆಗೆ ಹುಣಸೆಹುಳಿ ಹಾಕಿ ತಿಕ್ಕಿ, ಹೊಸ ನೀರು ತುಂಬೋದು. ಹಿಂದಿನವರೆಲ್ಲ ವಿಜ್ಞಾನಿಗಳು ಅನ್ನೋ ಭಜನೆ ನಾನು ಮಾಡ್ತಾ ಇಲ್ಲ. ಆ ಹಂಡೆ ತಿಕ್ಕಿದ್ದು ಹೆಂಗಸರು, ಅಭ್ಯಂಜನ ಮಾಡಿ ಹೊಗಳಿದ್ದು ಗಂಡಸರು. ಆದರೂ ಆ ಲೆಕ್ಕದಲ್ಲಿ ವಸ್ತುವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡೋ ಕೆಲಸ ಇತ್ತು.

ಸ್ಪಾಂಜಿನ ವಿಷಯಕ್ಕೆ ಬನ್ನಿ. 2017ರಲ್ಲಿ ಜರ್ಮನಿಯ ಸಂಶೋಧಕರು ಅಡುಗೆಮನೆಯ ಸ್ಪಾಂಜುಗಳನ್ನು ಪರೀಕ್ಷಿಸಿ, ಅವು ಬ್ಯಾಕ್ಟೀರಿಯಾಗಳ ತವರು ಅಂದರು. ಬಿಸಿ ಮಾಡಿ, ತೊಳೆದು ಶುಚಿ ಮಾಡ್ತಿದ್ದ ಸ್ಪಾಂಜುಗಳಲ್ಲೂ ಅವು ಕಮ್ಮಿ ಇರಲಿಲ್ಲ. ವಾರಕ್ಕೊಂದು ಬದಲಿಸಿ ಅನ್ನೋ ಸಲಹೆ ಬಂದದ್ದು ಅಲ್ಲಿಂದ. ಸರಿ, ಒಪ್ಪೋಣ. ಅಂದರೆ ವರ್ಷಕ್ಕೆ 52 ಪ್ಲಾಸ್ಟಿಕ್ ತುಂಡು, ಒಂದೇ ಸಿಂಕಿನಿಂದ. ಸಮಸ್ಯೆ ಸ್ಪಾಂಜಿನ ವಯಸ್ಸಲ್ಲ, ಅದು ಒಣಗೋದೇ ಇಲ್ಲ ಅನ್ನೋದು. ಹಾಗಿದ್ದರೆ ಬೇಗ ಒಣಗೋ ತೆಂಗಿನ ನಾರು ಹಿಡಿಯಿರಿ, ಇಲ್ಲಾ ಬಟ್ಟೆ ತುಂಡು ಹಿಡಿದು ದಿನಾ ಒಗೆದು ಬಿಸಿಲಿಗೆ ಹಾಕಿ. ನಾರು ಸವೆದರೆ ತೆಂಗಿನ ಬುಡಕ್ಕೆ ಹಾಕಿದರಾಯ್ತು. ಈ ಸಲಹೆ ಪಟ್ಟಿಯಲ್ಲಿ ಕಾಣಿಸಲ್ಲ, ಯಾಕಂದ್ರೆ ನಾರಿಗೆ ಮಾರ್ಕೆಟಿಂಗ್ ಟೀಮ್ ಇಲ್ಲ.

ನನಗೆ ನಿಜಕ್ಕೂ ಸಿಟ್ಟು ಬರೋದು ನೀರಿನ ವಿಷಯದಲ್ಲಿ. ಬೆಂಗಳೂರು ಸೇರಿದ ಮಕ್ಕಳು ಅಪ್ಪ-ಅಮ್ಮನ ಆರೋಗ್ಯಕ್ಕೆ ಅಂತ ಊರಿನ ಮನೆಗೆ ಆರ್‌ಓ ಯಂತ್ರ ಹಾಕಿಸ್ತಾರೆ. ಮುರಕಲ್ಲಿನ ಬಾವಿ, ಮೆದು ನೀರು. ನಮ್ಮ ಬಾವಿಗೆ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಅಂಕಿ ನೂರೂ ಮುಟ್ಟಲ್ಲ. ಲೀಟರಿಗೆ 500 ಮಿಲಿಗ್ರಾಂಗಿಂತ ಕಮ್ಮಿ ಟಿಡಿಎಸ್ ಇರೋ ಕಡೆ ಆರ್‌ಓ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಸಚಿವಾಲಯಕ್ಕೆ ಹೇಳಿದ್ದು 2019ರ ಮೇಯಲ್ಲಿ. ಆದರೂ ಯಂತ್ರ ಗೋಡೆಗೆ ಬಂತು. ಅದರ ಕೆಂಪು ದೀಪ ಮಿನುಗಿದಾಗಲೆಲ್ಲ ಒಬ್ಬ ಹುಡುಗ ಬಂದು ಫಿಲ್ಟರ್ ಬದಲಿಸಿ, ದುಡ್ಡು ತಗೊಂಡು ಹೋಗ್ತಾನೆ. ಚರಂಡಿಗೆ ಹೋಗೋ ನೀರಿನ ಲೆಕ್ಕ ಕೇಳೋರಿಲ್ಲ.

ಇತ್ತ ಬಾವಿ? ಮೊದಲು ಮೇ ತಿಂಗಳಲ್ಲಿ, ನೀರು ತಳ ಕಂಡಾಗ, ಆಳು ಇಳಿಸಿ ಕೆಸರು ತೆಗೆಸ್ತಿದ್ರು. ಎಷ್ಟೋ ಮನೆಗಳಲ್ಲಿ ಅದು ನಿಂತೇ ಹೋಗಿದೆ. ಆಳು ಸಿಗಲ್ಲ, ಸಿಕ್ಕರೂ "ಫಿಲ್ಟರ್ ಇದೆಯಲ್ಲ" ಅನ್ನೋ ಸಬೂಬು. ಪಕ್ಕದಲ್ಲಿ ಕಕ್ಕಸು ಗುಂಡಿ ಬಂದಿದೆ, ಬಾವಿಕಟ್ಟೆ ಬಿರುಕು ಬಿಟ್ಟಿದೆ, ಮೊದಲ ಮಳೆಯ ರಾಡಿ ನೀರು ಸೀದಾ ಒಳಗೆ. ನಮ್ಮ ಭಾಗದ ಬಾವಿ ನೀರಿಗೆ ಭಯ ಪಡಬೇಕಾದ್ದು ಲವಣಕ್ಕಲ್ಲ, ಈ ಕೊಳೆಗೆ. ಅದಕ್ಕೆ ಬೇಕಾದ್ದು ಬಾವಿ ಶುಚಿ, ಬ್ಲೀಚಿಂಗ್ ಪೌಡರ್, ಕುದಿಸಿದ ನೀರು. ಸ್ನಾನಕ್ಕೆ, ಪಾತ್ರೆಗೆ, ಹಲ್ಲುಜ್ಜೋಕೆ ಬಳಸೋದು ಅದೇ ಬಾವಿಯ ನೀರನ್ನಲ್ವಾ? ಅಮ್ಮ ಈಗಲೂ ಬಾವಿ ನೀರನ್ನೇ ಕುದಿಸಿ ಕುಡೀತಾಳೆ. ಹಾಗಿದ್ರೆ ಆ ಯಂತ್ರ ಯಾಕಮ್ಮ ಅಂದ್ರೆ, "ಬೆಂಗ್ಳೂರಿಂದ ಬಂದರಿಗ್ ಬೇಕಲೆ ಮಗಾ" ಅಂತಾಳೆ.

ವಸ್ತುಗಳಲ್ಲಿ ಎರಡು ಜಾತಿ. ಕೆಲವು ತಮ್ಮ ವಯಸ್ಸು ತಾವೇ ಹೇಳ್ತವೆ. ಹಿಡಿಸೂಡಿ ಮೊಂಡಾಗುತ್ತೆ, ಟವೆಲ್ ನಾರುತ್ತೆ, ಬ್ರಷ್ಷಿನ ಎಳೆ ಕೆದರುತ್ತೆ. ಇವಕ್ಕೆ ತಾರೀಕು ಯಾಕೆ, ಕಣ್ಣು ಮೂಗು ಇಲ್ವಾ? ದಂತವೈದ್ಯರು ಕೂಡ ಮೂರು-ನಾಲ್ಕು ತಿಂಗಳು ಅಂತ ಹೇಳಿ, ಎಳೆ ಕೆದರಿದ್ರೆ ಅದಕ್ಕೂ ಮೊದಲೇ ಬದಲಿಸಿ ಅಂತ ಸೇರಿಸ್ತಾರೆ. ಇನ್ನು ಕೆಲವು ಕೊನೇ ದಿನದವರೆಗೂ ಬಾಯಿ ಬಿಡಲ್ಲ. ತಾರೀಕು ಬೇಕಾದ್ದು ಅವಕ್ಕೆ. ನಮ್ಮ ಪಟ್ಟಿವೀರರು ತಪ್ಪೋದು ಇಲ್ಲೇ. ಟವೆಲ್ಲಿಗೆ ರಿಮೈಂಡರ್ ಇಟ್ಟಿರ್ತಾರೆ, ಗ್ಯಾಸ್ ಪೈಪಿನ ಮೇಲೆ ತಾರೀಕು ಇರುತ್ತೆ ಅನ್ನೋದೇ ಗೊತ್ತಿರಲ್ಲ.

ಆ ಕಿತ್ತಳೆ ಬಣ್ಣದ ಸುರಕ್ಷಾ ಪೈಪಿನ ಆಯಸ್ಸು ಐದು ವರ್ಷ. ಪೈಪಿನ ಮೈಮೇಲೇ ಅಚ್ಚಾಗಿರುತ್ತೆ, ಜೊತೆಗೆ ಐಎಸ್‌ಐ ಗುರುತು. ಒಳಗೆ ತಂತಿಯ ಹೆಣಿಗೆ ಇರೋದರಿಂದ ಇಲಿ ಸುಲಭಕ್ಕೆ ಕಡಿಯಲ್ಲ. ಊರಿನ ಎಷ್ಟೋ ಅಡುಗೆಮನೆಗಳಲ್ಲಿ ಇನ್ನೂ ಹಳೇ ಹಸಿರು ರಬ್ಬರ್ ಕೊಳವೆಯೇ ಇದೆ. ಒಲೆಯ ಹಿಂದೆ, ಕತ್ತಲಲ್ಲಿ, ಜಿಡ್ಡು ಹಿಡಿದು. ಅಟ್ಟದ ತುಂಬ ತೆಂಗಿನಕಾಯಿ, ಅದರ ಜೊತೆಗೆ ಇಲಿ. ಆ ಒಲೆ ಹಚ್ಚೋರು ಅರವತ್ತು ದಾಟಿದ, ಮಳೆಗಾಲದ ನೆಗಡಿಗೆ ಗ್ಯಾಸಿನ ವಾಸನೆ ಗೊತ್ತಾಗದ ಹೆಂಗಸು. "ಎಂತಕ್ ಬಿಸಾಡುದ್, ಗಟ್ಟಿ ಇತ್ತಲೆ" ಅಂತಾಳೆ ಅವಳು. ಹಿಡಿಸೂಡಿಗೆ ಆ ಮಾತು ಸರಿ. ಪೈಪಿಗೆ ಅಲ್ಲ.

ಮುಂದಿನ ಸಲ ಊರಿಗೆ ಹೋದಾಗ ಮೊಬೈಲಿನ ಟಾರ್ಚ್ ಹಾಕಿ ಒಲೆಯ ಹಿಂದೆ ಬಗ್ಗಿ. ಹೊಸ ಪೈಪು ಗ್ಯಾಸ್ ಏಜೆನ್ಸಿಯಲ್ಲೇ ಸಿಗುತ್ತೆ, ಒಂದು ಪಿಜ್ಜಾದಷ್ಟೂ ದುಡ್ಡಾಗಲ್ಲ. ಬಾವಿಯ ಮಾತು ಮೇ ತಿಂಗಳಿಗೆ ಇರಲಿ, ಆಳಿಗೆ ಈಗಲೇ ಹೇಳಿಟ್ಟಿರಿ.