ಪಾಸ್‌ವರ್ಡ್ ಬೇಡ, ಪರ್ಮಿಷನ್ ಕೊಡಿ

ಇಂಟರ್ನ್‌ಶಿಪ್ ಅಂದ್ರೆ ಏನೋ ದೊಡ್ಡ ಪ್ರಾಜೆಕ್ಟು ಸಿಗುತ್ತೆ ಅಂದ್ಕೊಂಡು ನಾವು ಮೂವರು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕಡೆಯ ಒಂದು ಫ್ಯಾಕ್ಟರಿಗೆ ಹೋದ್ವಿ. ಮೊದಲ ವಾರ ಸಿಕ್ಕ ಕೆಲಸ: "ಮೇಲ್ ಓಪನ್ ಆಗ್ತಿಲ್ಲ, ಸ್ವಲ್ಪ ನೋಡ್ರಪ್ಪ." ಬೇಜಾರಾಯ್ತು ನಿಜ. ಆದರೆ ಅಲ್ಲಿ ಕಲಿತದ್ದರಲ್ಲಿ ಇದೇ ಮುಖ್ಯವಾದದ್ದು ಅಂತ ಈಗ ಅನ್ನಿಸುತ್ತೆ.

ಅಲ್ಲಿ ಲಾರಿ ಲೋಡಿಂಗ್‌ಗೆ ಸಮಯ ಹಂಚೋಕೆ ಎಕ್ಸ್‌ಚೇಂಜ್ ಸರ್ವರ್‌ನಲ್ಲಿ ಒಂದು ಶೇರ್ಡ್ ಕ್ಯಾಲೆಂಡರ್ ಇತ್ತು. ಒಂದು ದಿನ ಒಂದೇ ಹೊತ್ತಿಗೆ ಎರಡು ಲಾರಿ ಬಂದು ನಿಂತವು. ಬೈಗುಳ ಬಿದ್ದದ್ದು ಡಿಸ್ಪ್ಯಾಚ್‌ಗೆ ಹೊಸದಾಗಿ ಸೇರಿದ್ದ ಕಾಂಟ್ರಾಕ್ಟ್ ಅಕ್ಕನಿಗೆ. "ಕ್ಯಾಲೆಂಡರ್ ನೋಡೋಕೂ ಬರಲ್ವಾ?" ಅಂದ್ರು. ಅವರನ್ನು ಮುಂದುವರಿಸೋದು ಬೇಡ ಅನ್ನೋ ಮಾತೂ ಬಂತು.

ಅಕ್ಕ ಕ್ಯಾಲೆಂಡರ್ ನೋಡಿದ್ದರು. ಅವರ ಸ್ಕ್ರೀನಿನಲ್ಲಿ ಕಂಡದ್ದು ಬರೀ 'ಬ್ಯುಸಿ' ಅಂತ. ಅದು ತಮ್ಮ ಲಾರಿಗೇ ಇಟ್ಟ ಸಮಯ ಅಂದ್ಕೊಂಡು ಡ್ರೈವರಿಗೆ ಫೋನ್ ಮಾಡಿದ್ದರು. ಎಕ್ಸ್‌ಚೇಂಜ್‌ನಲ್ಲಿ ಡೀಫಾಲ್ಟ್ ಆಗಿ ಆಫೀಸಿನ ಬೇರೆಯವರಿಗೆ ಕಾಣೋದು ಸಮಯ ಖಾಲಿ ಇದೆಯೋ ಇಲ್ಲವೋ ಅನ್ನೋದಷ್ಟೇ. ವಿಷಯ, ಸ್ಥಳ ಕಾಣಬೇಕಾದರೆ 'ಲಿಮಿಟೆಡ್ ಡೀಟೇಲ್ಸ್' ಬೇಕು. ಪೂರ್ತಿ ಓದೋಕೆ 'ರಿವ್ಯೂವರ್', ತಿದ್ದೋಕೆ 'ಎಡಿಟರ್'. ಡಿಸ್ಪ್ಯಾಚ್ ಗ್ರೂಪಿಗೆ ರಿವ್ಯೂವರ್ ಕೊಟ್ಟಿದ್ದರು. ಆ ಗ್ರೂಪಿಗೆ ಅಕ್ಕನ ಹೆಸರು ಸೇರಿಸೋದನ್ನೇ ಮರೆತಿದ್ದರು! ಸರಿ ಮಾಡೋಕೆ ಐದು ನಿಮಿಷ ಸಾಕಾಯ್ತು. ಕಾರಣ ಸಿಗದೇ ಹೋಗಿದ್ದರೆ ಒಬ್ಬರ ಕೆಲಸ ಹೋಗ್ತಿತ್ತು.

ಶೇರ್ಡ್ ಮೇಲ್‌ಬಾಕ್ಸ್ ಕಥೆಯೂ ಇಂಥದ್ದೇ. 'ಫುಲ್ ಆಕ್ಸೆಸ್' ಅನ್ನೋ ಹೆಸರು ಕೇಳಿ ಎಲ್ಲಾ ಸಿಕ್ಕಿತು ಅಂದ್ಕೋತೀವಿ. ಆದರೆ ಅದರಿಂದ ಮೇಲ್‌ಬಾಕ್ಸ್ ತೆರೆದು ಓದಬಹುದು, ಅಳಿಸಬಹುದು. ಆ ವಿಳಾಸದಿಂದ ಉತ್ತರ ಕಳಿಸೋಕೆ ಆಗಲ್ಲ. ಅದಕ್ಕೆ 'ಸೆಂಡ್ ಆ್ಯಸ್' ಇಲ್ಲವೇ 'ಸೆಂಡ್ ಆನ್ ಬಿಹಾಫ್' ಬೇರೆಯಾಗಿಯೇ ಕೊಡಬೇಕು. ಮೊದಲನೆಯದರಲ್ಲಿ ಮೇಲ್ ಆ ವಿಳಾಸದಿಂದಲೇ ಬಂದಂತೆ ಕಾಣುತ್ತೆ, ಎರಡನೆಯದರಲ್ಲಿ ಯಾರ ಪರವಾಗಿ ಯಾರು ಕಳಿಸಿದರು ಅಂತ ಗೊತ್ತಾಗುತ್ತೆ. ಇನ್ನೊಂದು ತಮಾಷೆ: ಹಾಗೆ ಕಳಿಸಿದ ಮೇಲ್‌ನ ಪ್ರತಿ ಡೀಫಾಲ್ಟ್ ಆಗಿ ಕಳಿಸಿದವರ ಸ್ವಂತ 'ಸೆಂಟ್ ಐಟಮ್ಸ್'ಗೆ ಹೋಗುತ್ತೆ. ಉತ್ತರ ಹೋಗಿಲ್ಲ ಅಂದ್ಕೊಂಡು ಪಕ್ಕದವರು ಇನ್ನೊಂದು ಉತ್ತರ ಬರೀತಾರೆ. ಪ್ರತಿ ಶೇರ್ಡ್ ಮೇಲ್‌ಬಾಕ್ಸ್‌ನಲ್ಲೂ ಉಳಿಯೋ ಹಾಗೆ ಸೆಟ್ಟಿಂಗ್ ಇದೆ. ಯಾರಾದ್ರೂ ಆನ್ ಮಾಡಬೇಕು ಅಷ್ಟೆ.

ಇದೆಲ್ಲ ತಲೆನೋವು ಅಂತ ಆಫೀಸುಗಳು ಹಿಡಿಯೋ ಅಡ್ಡದಾರಿ ಒಂದಿದೆ: ಮ್ಯಾನೇಜರ್ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸೋದು. "ಸಣ್ಣ ಆಫೀಸು, ನಂಬಿಕೆ ಮೇಲೆ ನಡೆಯುತ್ತೆ, ಪ್ರತಿಯೊಂದಕ್ಕೂ ಐಟಿಯವರನ್ನ ಕಾಯ್ತಾ ಕೂತ್ರೆ ಕೆಲಸ ಆಗುತ್ತಾ?" ಅಂತಾರೆ. ಆ ಮಾತಲ್ಲೂ ಸತ್ಯ ಇದೆ, ಲಾರಿ ಕಾಯಲ್ಲ. ಆದರೆ ನಂಬಿಕೆ ಮುರಿಯೋದೂ ಅಲ್ಲೇ. ನಾಲ್ಕು ಜನ ಒಂದೇ ಪಾಸ್‌ವರ್ಡ್ ಬಳಸಿದರೆ ಲಾಗ್‌ನಲ್ಲಿ ಉಳಿಯೋದು ಒಂದೇ ಹೆಸರು. ತಪ್ಪಾದಾಗ ಯಾರು ಮಾಡಿದ್ದು ಅಂತ ಹೇಳೋಕಾಗಲ್ಲ. ಆಗ ಅದು ಜೋರಾಗಿ ಮಾತಾಡೋಕೆ ಆಗದವರ ತಲೆಗೆ ಬರುತ್ತೆ. ಪರ್ಮಿಷನ್ ಅನ್ನೋದು ಬರೀ ತಡೆಗೋಡೆ ಅಲ್ಲ, ಕೆಳಗಿನ ಸಾಲಿನವರಿಗೆ ಅದು ಸಾಕ್ಷಿ ಕೂಡ. ಕೆಲಸಕ್ಕೊಂದು ಗ್ರೂಪ್ ಮಾಡಿ ಅದಕ್ಕೆ ಪರ್ಮಿಷನ್ ಕೊಟ್ಟರೆ, ಬಂದವರನ್ನು ಸೇರಿಸೋದು, ಹೋದವರನ್ನು ತೆಗೆಯೋದು ಇಷ್ಟೇ ಉಳಿಯೋ ಕೆಲಸ.

ನಾಳೆ ನಿಮಗೂ ಇದೇ ಟಿಕೆಟ್ ಬರುತ್ತೆ. ಆಗ ಮೊದಲು ಬ್ರೌಸರ್‌ನಲ್ಲಿ ಅದೇ ಮೇಲ್‌ಬಾಕ್ಸ್ ತೆರೆದು ನೋಡಿ. ಅಲ್ಲಿ ಸರಿಯಿದ್ದರೆ ತೊಂದರೆ ಬಹುತೇಕ ಆ ಕಂಪ್ಯೂಟರಿನ ಔಟ್‌ಲುಕ್‌ನಲ್ಲಿ. ಅಲ್ಲೂ ಇಲ್ಲದಿದ್ದರೆ ಪರ್ಮಿಷನ್ ಕಡೆ ನೋಡಿ. ಕೊಟ್ಟಿರೋದು ವ್ಯಕ್ತಿಗೋ ಗ್ರೂಪಿಗೋ, ಆ ವ್ಯಕ್ತಿ ಗ್ರೂಪಿನಲ್ಲಿ ಇದ್ದಾರೋ ಪರೀಕ್ಷಿಸಿ. ಬದಲಾಯಿಸಿದ ಮೇಲೆ ಸ್ವಲ್ಪ ಕಾಯಿರಿ. ಸರ್ವರ್ ಹಳೆಯದನ್ನೇ ಕೆಲಹೊತ್ತು ನೆನಪಿಟ್ಟುಕೊಂಡಿರುತ್ತೆ. ಕಾಯದೆ ಹತ್ತು ಸಲ ತಿರುವಿದರೆ ಯಾವುದು ಕೆಲಸ ಮಾಡಿತು ಅಂತ ನಿಮಗೇ ಗೊತ್ತಾಗಲ್ಲ. ಅದಕ್ಕಿಂತ ಮೊದಲು, "ನಿಮ್ಮ ಸ್ಕ್ರೀನಲ್ಲಿ ಏನು ಕಾಣ್ತಿದೆ, ತೋರಿಸಿ" ಅಂತ ಕೇಳಿ. ಅಕ್ಕನನ್ನು ಅವತ್ತು ಯಾರೂ ಹಾಗೆ ಕೇಳಿರಲಿಲ್ಲ.

ಫ್ಯಾಕ್ಟರಿಯನ್ನು ಬೈದು ಮುಗಿಸೋದು ಸುಲಭ. ಆದರೆ ನಮ್ಮ ಕನ್ನಡ ಸಂಘದ ಮೇಲ್ ಪಾಸ್‌ವರ್ಡ್ ನಮಗೆ ಬಂದದ್ದು ಹೇಗೆ? ಸೀನಿಯರ್ ಒಬ್ಬರ ವಾಟ್ಸ್ಆ್ಯಪ್ ಮೆಸೇಜಿನಲ್ಲಿ. ಅವರಿಗೆ ಅವರ ಸೀನಿಯರ್ ಕೊಟ್ಟದ್ದು. ಪಾಸಾಗಿ ಹೋದ ಎಷ್ಟು ಜನರ ಫೋನಿನಲ್ಲಿ ಅದು ಇನ್ನೂ ಇದೆಯೋ ನಮಗೇ ಗೊತ್ತಿಲ್ಲ. ಈ ರಾಜ್ಯೋತ್ಸವದ ಸಿದ್ಧತೆ ಶುರುವಾಗೋ ಮುಂಚೆ ಅದನ್ನು ಬದಲಾಯಿಸಿ, ಪದಾಧಿಕಾರಿಗಳಿಗೆ ಅವರವರ ಹೆಸರಲ್ಲೇ ಪರ್ಮಿಷನ್ ಕೊಡೋಣ ಅಂತ ನಮ್ಮ ಸಲಹೆ. ಬೇಡ ಅನ್ನೋರು ಮುಂದಿನ ಮೀಟಿಂಗಿಗೆ ಬನ್ನಿ, ಜಗಳ ಆಡೋಣ. ಕ್ಯಾಲೆಂಡರ್‌ನಲ್ಲಿ ಹಾಕಿದ್ದೀವಿ. ಕಾಣದಿದ್ದರೆ ಹೇಳಿ!