ತಂತಿಯನ್ನು ದೂರುವ ಮುನ್ನ

ಮೀಟಿದ ತಂತಿಯು ಇಡಿಯಾಗಿ ಕಂಪಿಸುವುದರ ಜೊತೆಗೆ ಎರಡು, ಮೂರು, ನಾಲ್ಕು ಸಮಭಾಗಗಳಾಗಿಯೂ ಕಂಪಿಸುತ್ತದೆ. ಇಡೀ ತಂತಿಯ ಕಂಪನದಿಂದ ಮೂಲಸ್ವರವೂ ಅದರ ಭಾಗಗಳ ಕಂಪನದಿಂದ ಉಪಸ್ವರಗಳೂ ಹುಟ್ಟುತ್ತವೆ. ಕಣ್ಣುಮುಚ್ಚಿ ಕುಳಿತವನೂ ವೀಣೆಯನ್ನು ವೀಣೆಯೆಂದು, ಪಿಟೀಲನ್ನು ಪಿಟೀಲೆಂದು ಗುರುತಿಸಬಲ್ಲನಾದರೆ ಅದಕ್ಕೆ ಬಹುಮಟ್ಟಿಗೆ ಈ ಉಪಸ್ವರಗಳ ಬೆರಕೆಯೇ ಕಾರಣ. ಆದುದರಿಂದ ವಾದ್ಯದಲ್ಲಿ ಬೇಡದ ಉಪಸ್ವರವೊಂದು ಕೇಳಿಸಿದಾಗ, ಅದನ್ನು ಅಡಗಿಸುವುದು ಹೇಗೆಂದು ಕೇಳುವ ಮೊದಲು ಅದು ಎಲ್ಲಿ ಹುಟ್ಟಿತೆಂದು ಕೇಳಬೇಕು. ಈ ಕ್ರಮ ತಲೆಕೆಳಗಾದರೆ ಹಣವೂ ಹಾಳು, ವಾದ್ಯದ ಸೊಗಸೂ ಹಾಳು.

ಇದಕ್ಕೆ ಅಮೆರಿಕದ ಪೆಡಲ್ ಸ್ಟೀಲ್ ಗಿಟಾರ್ ಒಳ್ಳೆಯ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹವಾಯಿ ದ್ವೀಪಗಳಲ್ಲಿ ಬೆಳೆದ ಸ್ಟೀಲ್ ಗಿಟಾರಿನ ವಂಶದ್ದಿದು. 1954ರಲ್ಲಿ ಜನಪ್ರಿಯವಾದ ವೆಬ್ ಪಿಯರ್ಸರ ‘ಸ್ಲೋಲಿ’ ಎಂಬ ಹಾಡಿನಲ್ಲಿ ಬಡ್ ಐಸಾಕ್ಸರು ಪೆಡಲ್ ತುಳಿದು ಸ್ವರವನ್ನು ಜಾರಿಸಿದ ಮೇಲೆ ಕಂಟ್ರಿ ಸಂಗೀತದಲ್ಲಿ ಇದು ನೆಲೆಯೂರಿತು. ವಾದ್ಯವು ಮೇಜಿನಂತೆ ಕಾಲುಗಳ ಮೇಲೆ ನಿಂತಿರುತ್ತದೆ. ಸಾಮಾನ್ಯವಾಗಿ ಹತ್ತು ತಂತಿಗಳು. ವಾದಕನು ಎಡಗೈಯಲ್ಲಿ ಉಕ್ಕಿನ ಸರಳೊಂದನ್ನು ಹಿಡಿದು ತಂತಿಗಳ ಮೇಲೆ ಸರಿಸುತ್ತ ಬಲಗೈಯಿಂದ ಮೀಟುತ್ತಾನೆ. ಪೆಡಲುಗಳು ತಂತಿಯ ಬಿಗಿತವನ್ನು ಬದಲಿಸುತ್ತವೆ. ಕಾಂತವುಳ್ಳ ಪಿಕಪ್ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸಿ ಆಂಪ್ಲಿಫೈಯರಿಗೆ ಕಳುಹಿಸುತ್ತದೆ. ಇಷ್ಟು ಅಂಗಗಳಿರುವಲ್ಲಿ ಅಪಸ್ವರಕ್ಕೆ ಜನ್ಮಸ್ಥಾನಗಳೂ ಹಲವು.

ಅವನ್ನು ಬೇರ್ಪಡಿಸಲು ಸರಳವನ್ನು ಸರಿಸಿ ಕಿವಿಗೊಟ್ಟರೆ ಸಾಕು. ಸರಳು ಕುದುರೆಯ ಕಡೆಗೆ ಸರಿದಂತೆ ಮೀಟಿದ ಸ್ವರ ಏರುತ್ತದೆ. ಬೇಡದ ಸ್ವರವು ಆಗ ಏನು ಮಾಡುತ್ತದೆ? ಅದು ಇಳಿದರೆ, ಸರಳಿನ ಹಿಂಬದಿಯಲ್ಲಿ ಉಳಿದ ತಂತಿಯ ತುಂಡು ನುಡಿಯುತ್ತಿದೆ ಎಂದರ್ಥ. ಏಕೆಂದರೆ ಸರಳು ಮುಂದೆ ಸಾಗಿದಂತೆ ಆ ತುಂಡು ಉದ್ದವಾಗುತ್ತದೆ. ಅದು ಮೂಲಸ್ವರದೊಡನೆಯೇ ಏರಿದರೆ ದೋಷವನ್ನು ಹಳೆಯ ತಂತಿಯಲ್ಲೋ, ಕುದುರೆಯ ಮೇಲೆ ತಂತಿ ಕೂರುವ ಸವೆದ ಗೀರಿನಲ್ಲೋ, ತಂತಿಗೆ ತೀರ ಹತ್ತಿರವಾದ ಪಿಕಪ್ಪಿನಲ್ಲೋ ಹುಡುಕಬೇಕು. ಸರಳು ಎಲ್ಲಿದ್ದರೂ ಅದು ಕದಲದಿದ್ದರೆ ಸಡಿಲವಾದ ತಿರುಪು, ಪೆಡಲಿನ ಕಂಬಿ ಅಥವಾ ಕೋಣೆಯಲ್ಲಿ ಅದಿರುವ ಯಾವುದಾದರೂ ವಸ್ತುವನ್ನು ಸಂಶಯಿಸಬೇಕು.

ಮೊದಲನೆಯದನ್ನು ಲೆಕ್ಕದಿಂದಲೇ ನೋಡಬಹುದು. ಈ ವಾದ್ಯದ ಒಂದು ಪ್ರಚಲಿತ ಶ್ರುತಿಯಲ್ಲಿ 4ನೆಯ ತಂತಿಯು ಸೆಕೆಂಡಿಗೆ ಸುಮಾರು 330 ಸಲ ಕಂಪಿಸುತ್ತದೆ. ಸರಳನ್ನು 5ನೆಯ ಗೆರೆಯ ಮೇಲಿಟ್ಟರೆ ಮುಂಭಾಗದ ಸ್ವರ 440. ಹಿಂದುಳಿದ ಕಾಲು ಭಾಗದ ಸ್ವರ ಸುಮಾರು 1314. ಇದು 440ರ ಮೂರರಷ್ಟಕ್ಕೆ, ಅಂದರೆ 1320ಕ್ಕೆ, ಬಹಳ ಸಮೀಪವಾದುದರಿಂದ ಕಿವಿಗೆ ಅಷ್ಟಾಗಿ ತಟ್ಟುವುದಿಲ್ಲ. 8ನೆಯ ಗೆರೆಗೆ ಬಂದರೆ ಮುಂಭಾಗದ್ದು 523ಕ್ಕೆ ಏರಿ, ಹಿಂಭಾಗದ್ದು ಸುಮಾರು 891ಕ್ಕೆ ಇಳಿಯುತ್ತದೆ. ಇವೆರಡಕ್ಕೂ ಹೊಂದಾಣಿಕೆಯಿಲ್ಲ, ಕಿವಿ ಕೂಡಲೇ ದೂರುತ್ತದೆ. ಒಂದೆಡೆ ಚೆನ್ನಾಗಿದ್ದ ವಾದ್ಯ ಇನ್ನೊಂದೆಡೆ ಕೆಟ್ಟಂತೆ ತೋರುವ ರಹಸ್ಯವಿದು. ಇದಕ್ಕೆ ಹೊಸ ತಂತಿಯೂ ಬೇಡ, ಹೊಸ ಪಿಕಪ್ಪೂ ಬೇಡ. ಎಡಗೈಯ ಮಿಕ್ಕ ಬೆರಳುಗಳನ್ನು ಸರಳಿನ ಹಿಂದೆ ತಂತಿಗಳ ಮೇಲೆ ಹಗುರವಾಗಿ ಇರಿಸಿಕೊಂಡು ಸಾಗಿದರೆ ಆ ತುಂಡು ಮೌನವಾಗುತ್ತದೆ.

ಆಂಪ್ಲಿಫೈಯರಿನ ತಿರುಗುಣಿಯನ್ನು ತಿರುಗಿಸಿ ಮೇಲಿನ ಸ್ವರಗಳನ್ನು ತಗ್ಗಿಸಿದರೆ ಇಷ್ಟೆಲ್ಲ ಶ್ರಮವೇಕೆ ಎಂದು ಕೇಳುವವರುಂಟು. ಕಚೇರಿಯ ನಡುವೆ ಅದೊಂದು ತಾತ್ಕಾಲಿಕ ಉಪಾಯವೆಂದು ಒಪ್ಪೋಣ. ಆದರೆ ಆ ತಿರುಗುಣಿಗೆ ಬೇಕಾದುದು, ಬೇಡದುದು ಎಂಬ ವಿವೇಕವಿಲ್ಲ. ಅಪಸ್ವರದೊಡನೆ ವಾದ್ಯದ ಕಾಂತಿಯೂ ಮಂಕಾಗುತ್ತದೆ. ಉಪಸ್ವರವೇ ಶತ್ರುವಲ್ಲವೆಂಬುದಕ್ಕೆ ನಮ್ಮ ತಂಬೂರಿಯೇ ಸಾಕ್ಷಿ. ಅದರ ಅಗಲವಾದ ಕುದುರೆಯ ಮೇಲೆ ತಂತಿಯ ಕೆಳಗೆ ಜೀವಾಳದ ನೂಲನ್ನು ಇಡುವುದು ಉಪಸ್ವರಗಳನ್ನು ಎಬ್ಬಿಸುವುದಕ್ಕಾಗಿಯೇ. ಮೀಟಿದ ಸ್ಥಳವು ಯಾವ ಉಪಸ್ವರದ ನಿಶ್ಚಲ ಬಿಂದುವೋ ಆ ಉಪಸ್ವರ ಹುಟ್ಟಬಾರದೆಂಬುದು ಸಾಮಾನ್ಯ ನಿಯಮ. ತಂಬೂರಿಯಲ್ಲಿ ಅಂತಹ ಉಪಸ್ವರಗಳೂ ಬಲವಾಗಿ ನುಡಿಯುವುದನ್ನು ಸಿ. ವಿ. ರಾಮನ್ ಅವರು 1921ರಲ್ಲಿ ಪ್ರಕಟಿಸಿದರು. ತಂಬೂರಿಯಲ್ಲಿ ಬೇಕೆಂದು ಬರಿಸಿದ ಝೇಂಕಾರವೇ ಸ್ಟೀಲ್ ಗಿಟಾರಿನ ಸವೆದ ಗೀರಿನಲ್ಲಿ ದೋಷವೆನಿಸುತ್ತದೆ. ಭೌತವಿಜ್ಞಾನ ಎರಡಕ್ಕೂ ಒಂದೇ, ಉದ್ದೇಶ ಬೇರೆ.

ಇಲ್ಲಿ ನಮ್ಮ ಶಿಕ್ಷಣದ ಕೊರತೆಯೊಂದು ಕಾಣುತ್ತದೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೋನೊಮೀಟರಿನ ತಂತಿಯ ಉದ್ದವನ್ನಳೆದು, ಕೋಷ್ಟಕ ತುಂಬಿ, ಪುಸ್ತಕದ ಉತ್ತರಕ್ಕೆ ಹೊಂದಿಸಿದರೆ ಪ್ರಯೋಗ ಮುಗಿಯಿತು. ಆ ತಂತಿ ಏನು ನುಡಿಯಿತೆಂದು ಕೇಳಿದವರು ವಿರಳ. ಸುಸ್ಥಿತಿಯ ಉಪಕರಣದ ಜೊತೆಗೆ, ಬೇಕೆಂದೇ ಒಂದು ದೋಷವನ್ನಿರಿಸಿದ ಉಪಕರಣವನ್ನೂ ವಿದ್ಯಾರ್ಥಿಯ ಮುಂದಿಡಬೇಕೆಂಬುದು ನನ್ನ ಸಲಹೆ. ಅವನೋ ಅವಳೋ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಲಿ, ಬದಲಾದುದನ್ನು ಬರೆದಿಡಲಿ, ಫಲವಿಲ್ಲದಿದ್ದರೆ ಅದನ್ನು ಮೊದಲಿನಂತಿರಿಸಿ ಮುಂದಿನದಕ್ಕೆ ಹೋಗಲಿ. ತಂತಿ, ಪಿಕಪ್, ಆಂಪ್ಲಿಫೈಯರುಗಳನ್ನು ಒಟ್ಟಿಗೇ ಬದಲಿಸಿದವನಿಗೆ ದೋಷ ನೀಗಿದರೂ ಅದು ಎಲ್ಲಿತ್ತೆಂಬುದು ತಿಳಿಯದು. ಅದು ಮರಳಿ ಬಂದಾಗ ಅವನು ಮತ್ತೆ ಅಂಗಡಿಗೇ ಹೋಗಬೇಕು. ಹುಡುಕಿ ಕಂಡವನಿಗೆ ಆ ಅವಲಂಬನೆ ಇರದು.