ಗೆಜ್ಜೆಯ ನಾದ ಊರಿನಲ್ಲಿಯೇ ಉಳಿಯಲಿ



ಈಚೆಗೆ ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನಲ್ಲಿ ಪರಿಚಯದವರೊಬ್ಬರ ಮನೆಗೆ ಹೋಗಿದ್ದೆವು. ಪಡಸಾಲೆಯಲ್ಲಿ ಮಕ್ಕಳು ‘ಕಾಂತಾರ’ ಚಲನಚಿತ್ರವನ್ನು ಎವೆಯಿಕ್ಕದೆ ನೋಡುತ್ತಿದ್ದರು. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಬಂದ ಮನೆಯ ಯಜಮಾನರು ಬಾಗಿಲಲ್ಲೇ ನಿಂತು ಕೊನೆಯ ಕುಣಿತವನ್ನು ನೋಡಿದರು. ಆಮೇಲೆ ನಿಟ್ಟುಸಿರಿಟ್ಟು, “ಚೆನ್ನಾಗಿದೆ ಸ್ವಾಮಿ. ಆದರೆ ನಮ್ಮ ಸೀಮೆಯಲ್ಲಿ ಕುಣಿಯುತ್ತಿದ್ದವರನ್ನು ಈಗ ಯಾರು ಕೇಳುತ್ತಾರೆ?” ಎಂದರು. ಅಂದಿನಿಂದ ಆ ಪ್ರಶ್ನೆ ನಮ್ಮ ಮನಸ್ಸನ್ನು ಬಿಟ್ಟಿಲ್ಲ.

ರಿಷಬ್ ಶೆಟ್ಟಿಯವರು ಬರೆದು, ನಿರ್ದೇಶಿಸಿ, ನಟಿಸಿದ ಆ ಚಿತ್ರ 2022ರ ಸೆಪ್ಟೆಂಬರ್ 30ರಂದು ತೆರೆ ಕಂಡಿತು. ಕುಂದಾಪುರ ಸೀಮೆಯ ತಮ್ಮ ಹುಟ್ಟೂರು ಕೆರಾಡಿಯಲ್ಲಿಯೇ ಅವರು ಅದರ ಬಹುಭಾಗವನ್ನು ಚಿತ್ರಿಸಿದರು. ಕರಾವಳಿಯ ಭೂತಾರಾಧನೆಯೇ ಅದರ ಜೀವಾಳ. ಊರಿನ ಭೂಮಿಯನ್ನು ಮರಳಿ ಪಡೆಯಬಯಸಿದ ಧಣಿಯು, ತನಗೆ ಅನುಕೂಲವಾಗುವಂತೆ ದೈವದ ನುಡಿ ಹೇಳಿಸಲು ನರ್ತಕನಾದ ಗುರುವನಿಗೆ ಆಮಿಷವೊಡ್ಡುತ್ತಾನೆ. ಗುರುವ ಒಪ್ಪುವುದಿಲ್ಲ; ಪ್ರಾಣವನ್ನೇ ತೆರುತ್ತಾನೆ. ಕುಣಿಯುವವನ ಸತ್ಯನಿಷ್ಠೆಯ ಮೇಲೆಯೇ ಊರಿನ ಸಂಸ್ಕೃತಿ ನಿಂತಿದೆ ಎಂಬುದು ಅಲ್ಲಿಯ ಸಾರ.

ಚಿತ್ರಕ್ಕೆ ಕೀರ್ತಿಯೂ ಬಂದಿತು. 2024ರಲ್ಲಿ ಘೋಷಿತವಾದ ರಾಷ್ಟ್ರ ಪ್ರಶಸ್ತಿಗಳಲ್ಲಿ ರಿಷಬ್ ಶೆಟ್ಟಿಯವರು ಶ್ರೇಷ್ಠ ನಟರೆನಿಸಿದರು. ಅದಕ್ಕಿಂತ ಹೆಚ್ಚಿನ ಸಂಗತಿಯೆಂದರೆ, ಚಿತ್ರ ಬಿಡುಗಡೆಯಾದ ತಿಂಗಳೊಳಗೆ, 60 ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ನೀಡುವುದಾಗಿ ರಾಜ್ಯ ಸರ್ಕಾರ ಪ್ರಕಟಿಸಿತು. ಪಂಬದ, ಪರವ, ನಲಿಕೆ ಮೊದಲಾದ ಸಮುದಾಯದವರು ತಲೆತಲಾಂತರದಿಂದ ನಡೆಸಿಕೊಂಡು ಬಂದ ಸೇವೆಯ ಕಡೆಗೆ ನಾಡಿನ ಕಣ್ಣು ತಿರುಗಲು ಒಂದು ಚಲನಚಿತ್ರವೇ ಬರಬೇಕಾಯಿತು!

ಇದರ ಇನ್ನೊಂದು ಮುಖವನ್ನೂ ಕಾಣಬೇಕು. ಚಿತ್ರ ನೋಡಿದ ಕೆಲವರು ದೈವದ ವೇಷ ತೊಟ್ಟು ಚಿತ್ರಮಂದಿರಗಳಲ್ಲಿ, ಬೀದಿಗಳಲ್ಲಿ ಕುಣಿಯತೊಡಗಿದರು. ಈ ಕಥೆಯ ಪೂರ್ವಭಾಗವಾದ ಎರಡನೆಯ ಚಿತ್ರ 2025ರ ಅಕ್ಟೋಬರ್‌ನಲ್ಲಿ ಬಂದಾಗ, ಹಾಗೆ ಅನುಕರಿಸಬಾರದೆಂದು ನಿರ್ಮಾಪಕರೇ ವಿನಂತಿಸಬೇಕಾಯಿತು. ವೇಷವನ್ನು ಒಂದು ಗಂಟೆಯಲ್ಲಿ ಹಾಕಿಕೊಳ್ಳಬಹುದು. ವ್ರತವನ್ನು ಹಾಗೆ ತೊಡಲಾಗದು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ವೀರಗಾಸೆ ನಮ್ಮದೇ ಸಂಪತ್ತು. ಎದೆಯ ಮೇಲೆ ವೀರಭದ್ರನ ಹಲಗೆ, ಕೊರಳಲ್ಲಿ ರುದ್ರಾಕ್ಷಿ, ಕೈಯಲ್ಲಿ ಕತ್ತಿ, ಕಾಲಲ್ಲಿ ಗೆಜ್ಜೆ ಧರಿಸಿ ದಕ್ಷಯಜ್ಞದ ಕಥೆಯನ್ನು ಒಡಪಿನಲ್ಲಿ ಹೇಳುತ್ತ, ಸಂಬಾಳ, ಕರಡೆ, ತಾಳಗಳ ಗತಿಗೆ ಹೆಜ್ಜೆಯಿಡುವ ಆ ಸೇವೆಯನ್ನು ನೋಡಿ ರೋಮಾಂಚನಗೊಳ್ಳದವರಾರು? ಆದರೆ ಇಂದು ನಾವು ತಂಡವನ್ನು ದೂರದಿಂದ ಕರೆಸುತ್ತೇವೆ, ಮೆರವಣಿಗೆಯ ಮುಂದೆ ಅರ್ಧ ಗಂಟೆ ಕುಣಿಸುತ್ತೇವೆ, ಚಿತ್ರ ತೆಗೆದುಕೊಳ್ಳುತ್ತೇವೆ. ಅವರು ಉಂಡರೋ ಇಲ್ಲವೋ ವಿಚಾರಿಸುವುದಿಲ್ಲ. ನಮ್ಮ ಮಕ್ಕಳಿಗೆ ಒಂದು ಒಡಪನ್ನಾದರೂ ಕಲಿಸಿದ್ದೇವೆಯೆ?

ಇನ್ನೂ ನೋವಿನ ಮಾತೊಂದಿದೆ. ನಮ್ಮ ಸೀಮೆಯ ಜಾತ್ರೆಗಳಲ್ಲಿ ಉತ್ಸವದ ಮುಂದೆ ಮೊಳಗುವುದು ತಮಟೆ. ಅದರ ನಾದ ದೇವರಿಗೆ ಬೇಕಾಯಿತು. ಅದನ್ನು ಬಾರಿಸಿದವರು ಮಾತ್ರ ಬಹುಕಾಲ ಹೊಸ್ತಿಲಿನ ಹೊರಗೇ ನಿಂತರು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಆ ತಮಟೆಯನ್ನೇ ಬಾಳಿನ ಕಾಯಕವಾಗಿಸಿಕೊಂಡು 2023ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ರಾಷ್ಟ್ರವೇ ತಲೆಬಾಗಿದ ಕಲೆಯ ಮುಂದೆ ನಮ್ಮ ಹೊಸ್ತಿಲು ಇನ್ನೂ ಎತ್ತರವಾಗಿರಬೇಕೆ? ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಬಸವಣ್ಣನವರ ಹೆಸರು ಹೇಳುವ ನಾವು, ಕಲೆಯನ್ನು ಒಳಗೆ ಕರೆದು ಕಲಾವಿದನನ್ನು ಹೊರಗಿಟ್ಟರೆ ಉಳಿಸಿದ್ದಾದರೂ ಏನನ್ನು?

ರೇಷ್ಮೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಯನ್ನು ಎಷ್ಟು ಹೊಗಳಿದರೂ ಹುಳುವಿನ ಹೊಟ್ಟೆ ತುಂಬದು. ಹೊತ್ತುಹೊತ್ತಿಗೆ ಸೊಪ್ಪು ಹಾಕಿದರೆ ತಾನೆ ಗೂಡು? ಚಲನಚಿತ್ರ ಕಣ್ಣು ತೆರೆಸೀತು, ಸೊಪ್ಪು ಹಾಕುವ ಕೆಲಸ ನಮ್ಮದು.

ಆದುದರಿಂದ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ಮುಂದಿನ ಜಾತ್ರೆಗೆ, ಮನೆಯ ಮಂಗಳಕಾರ್ಯಕ್ಕೆ ಸಮೀಪದ ಕಲಾವಿದರನ್ನೇ ಮೊದಲು ಕರೆಯೋಣ. ಸಂಭಾವನೆಯನ್ನು ಚೌಕಾಸಿಯಿಲ್ಲದೆ, ತಾಂಬೂಲದೊಡನೆ ಕೊಡೋಣ. ಅವರು ಯಾವ ಕುಲದವರೇ ಆಗಿರಲಿ, ನಮ್ಮ ಪಂಕ್ತಿಯಲ್ಲಿಯೇ ಅವರಿಗೆ ಎಲೆ ಹಾಕೋಣ. ರಜೆಯ ದಿನಗಳಲ್ಲಿ ಊರಿನ ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಅವರ ಬಳಿ ಕಲಿಯಲು ಕಳುಹಿಸೋಣ. ಆಗ ಮೇಲೂರಿನ ಆ ಹಿರಿಯರ ಪ್ರಶ್ನೆಗೆ ನಾವು ತಲೆಯೆತ್ತಿ ಉತ್ತರ ಹೇಳಬಹುದು.